ದಿಲ್ಲಿಯಿಂದ ಊರಿಗೆ, ಕುಸ್ವಾರ್‌ಗೆ ಮುಂಚೆ: ಕ್ರಿಸ್‌ಮಸ್‌ಗೆ ಮನೆ ಸೇರುವ ದಾರಿ, ಹಂತ ಹಂತವಾಗಿ

ಡಿಸೆಂಬರ್ ಹತ್ತು ದಾಟಿದೆ. ಕಿಟಕಿಯಾಚೆ ಮಂಜೋ ಹೊಗೆಯೋ ಗೊತ್ತಾಗದ ಬಿಳಿ ಪರದೆ. ಮೇಜಿನ ಮೇಲೆ ಇನ್ನೂ ಓದದ ಜೆರಾಕ್ಸ್ ಕಟ್ಟು, ಕುರ್ಚಿಯ ಮೇಲೆ ಮೂರು ದಿನದಿಂದ ಒಣಗದ ಜೀನ್ಸ್. ಫೋನಿನಲ್ಲಿ ಅಮ್ಮನದು ಒಂದೇ ಪ್ರಶ್ನೆ: "ಯಾವತ್ತು ಬರ್ತಿ?"

ದಿಲ್ಲಿಗೆ ಓದಲು ಬಂದವರ ಮೊದಲ ಚಳಿಗಾಲ ಹೀಗೇ ಇರುತ್ತದೆ. ಭಯಪಡಬೇಡಿ. ಒಂದೊಂದೇ ಕೆಲಸ ಮುಗಿಸುತ್ತಾ ಹೋದರೆ ಎಲ್ಲವೂ ಆಗುತ್ತದೆ.

ನಾನು ಉಡುಪಿ ಕಡೆಯವನು. ಮೊದಲ ವರ್ಷ 22ರ ಬೆಳಗಿನ ಜಾವದ ರೈಲಿಗೆ ಟಿಕೆಟ್ ಮಾಡಿಸಿ, 23ರ ರಾತ್ರಿ ಮನೆಯಲ್ಲಿರುತ್ತೇನೆ ಅಂತ ಹಾಯಾಗಿ ಲೆಕ್ಕ ಹಾಕಿದ್ದೆ. ಮಂಜು ಆ ಲೆಕ್ಕವನ್ನು ಒಪ್ಪಲಿಲ್ಲ. ಮನೆ ಬಾಗಿಲು ತಟ್ಟಿದಾಗ 24ರ ಮಧ್ಯಾಹ್ನ. ರಾತ್ರಿಯ ಬಲಿಪೂಜೆ ತಪ್ಪಲಿಲ್ಲ ನಿಜ. ಆದರೆ ಅಡುಗೆಮನೆಯಲ್ಲಿ ಕುಸ್ವಾರ್‌ನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ಡಬ್ಬಗಳೆಲ್ಲ ತುಂಬಿ ಮುಚ್ಚಳ ಹಾಕಿಯಾಗಿತ್ತು. ಅಮ್ಮ ಬೈಯಲಿಲ್ಲ. "ತಿನ್ನೋಕೆ ಬಂದೆ, ಮಾಡೋಕೆ ಬರ್ಲಿಲ್ಲ" ಅಂದಳು, ಅಷ್ಟೇ.

ಅಂದಿನಿಂದ ನನ್ನ ಲೆಕ್ಕ ಬದಲಾಯಿತು. ನಿಮಗೂ ಅದನ್ನೇ ಹೇಳಿಕೊಡುತ್ತೇನೆ.

ಶುರು ಮಾಡುವ ಮುನ್ನ ಕೈಯಲ್ಲಿರಲಿ

- ಒಂದು ಹಾಳೆ, ಒಂದು ಪೆನ್ನು
- ಪರೀಕ್ಷೆಯ ಡೇಟ್‌ಶೀಟ್
- ಆಧಾರ್ ಜೋಡಿಸಿದ ಐಆರ್‌ಸಿಟಿಸಿ ಖಾತೆ
- ಕಾಲೇಜಿನ ಐಡಿ ಕಾರ್ಡ್ ಮತ್ತು ಆಧಾರ್
- ಒಂದು ಚೈನು, ಒಂದು ಬೀಗ
- ಎರಡು ಎನ್95 ಮಾಸ್ಕ್

ಹಂತ 1: ಹಿಂದಿನಿಂದ ಎಣಿಸಿ

ಹಾಳೆಯ ಕೆಳತುದಿಯಲ್ಲಿ "24 ರಾತ್ರಿ, ಬಲಿಪೂಜೆ" ಅಂತ ಬರೆಯಿರಿ. ಅದರ ಮೇಲಿನ ಸಾಲಿನಲ್ಲಿ ನಿಮ್ಮ ಮನೆಯಲ್ಲಿ ಕುಸ್ವಾರ್ ಮಾಡುವ ದಿನ ಬರೆಯಿರಿ. ಗೊತ್ತಿಲ್ಲದಿದ್ದರೆ ಈಗಲೇ ಅಮ್ಮನಿಗೆ ಫೋನ್ ಮಾಡಿ ಕೇಳಿ. ಕರಾವಳಿಯ ಹೆಚ್ಚಿನ ಕ್ರೈಸ್ತರ ಮನೆಗಳಲ್ಲಿ ಕಿಡಿಯೊ, ನೆವ್ರಿ, ಗುಳಿಯೊ, ರೋಸ್ ಕುಕ್ಕೀಸ್, ಚಕ್ಕುಲಿಗಳ ಕೆಲಸ ಹಬ್ಬದ ಹಿಂದಿನ ವಾರವೇ ಶುರುವಾಗುತ್ತದೆ. 22ಕ್ಕೆ ಎಣ್ಣೆ ಇಡುತ್ತಾರೆ ಅಂತಿಟ್ಟುಕೊಳ್ಳಿ. ಹಾಗಾದರೆ ನೀವು 21ರ ರಾತ್ರಿ ಮನೆಯಲ್ಲಿರಬೇಕು.

ಪ್ರಯಾಣಕ್ಕೆ ಎರಡು ದಿನ ಕಳೆಯಿರಿ. ಮಂಜಿಗಾಗಿ ಇನ್ನೊಂದು ದಿನ ಕಳೆಯಿರಿ. ಉಳಿದ ತಾರೀಕು ಯಾವುದೋ ಅದೇ ನೀವು ದಿಲ್ಲಿ ಬಿಡುವ ದಿನ. ಇಲ್ಲಿ ಅದು 18. ಬೆಳಗಿನ ಜಾವ ಹೊರಡುವ ರೈಲಾದರೆ 19.

ಕ್ರಿಸ್‌ಮಸ್ ನಿಮ್ಮ ಮನೆಯ ಹಬ್ಬ ಅಲ್ಲದಿದ್ದರೂ ಇದೇ ಲೆಕ್ಕ ನಡೆಯುತ್ತದೆ. ಪಕ್ಕದ ಮನೆಯಿಂದ ಕುಸ್ವಾರ್ ತಟ್ಟೆ ಬರುವ ಹೊತ್ತಿಗೆ ನೀವು ಮನೆಯಲ್ಲಿರಬೇಕು, ಅಷ್ಟೇ!

*ಎಚ್ಚರಿಕೆ:* ಮಂಜಿನ ಆ ಒಂದು ದಿನವನ್ನು "ಏನಾಗಲ್ಲ ಬಿಡು" ಅಂತ ಹೊಡೆದು ಹಾಕಬೇಡಿ. ಹೊಸಬರು ಮೊದಲು ಜಾರುವುದೇ ಇಲ್ಲಿ.

ಹಂತ 2: ಡೇಟ್‌ಶೀಟ್ ಎರಡು ಸಲ ಓದಿ

ದಿಲ್ಲಿಯಲ್ಲಿ ಎಲ್ಲರಿಗೂ ಒಂದೇ ದಿನ ರಜೆ ಸಿಗುವುದಿಲ್ಲ. ದಿಲ್ಲಿ ವಿಶ್ವವಿದ್ಯಾಲಯದ ಸೆಮಿಸ್ಟರ್ ಪರೀಕ್ಷೆಗಳು ಡಿಸೆಂಬರಿನಲ್ಲೇ ಬಂದು ಹಬ್ಬದ ಸುತ್ತ ಹಬ್ಬುವುದುಂಟು. ಜೆಎನ್‌ಯು ಮತ್ತು ಜಾಮಿಯಾದ ಕ್ಯಾಲೆಂಡರ್‌ಗಳೇ ಬೇರೆ. ನಿಮ್ಮ ಡೇಟ್‌ಶೀಟಿನಲ್ಲಿ ಮೂರು ವಿಷಯ ಹುಡುಕಿ: ಕೊನೆಯ ಥಿಯರಿ ಪರೀಕ್ಷೆ, ಕೊನೆಯ ಪ್ರಾಕ್ಟಿಕಲ್ ಅಥವಾ ವೈವಾ, ಟರ್ಮ್ ಪೇಪರ್ ಒಪ್ಪಿಸುವ ದಿನ. ಮೂರಕ್ಕೂ ಗುಂಡು ಸುತ್ತು ಹಾಕಿ. ಯಾವುದು ಕೊನೆಗೆ ಬರುತ್ತದೋ ಅದನ್ನು ಹಂತ 1ರ ಹಾಳೆಯ ಪಕ್ಕದಲ್ಲಿಡಿ.

ಎರಡು ತಾರೀಕುಗಳೂ ಹೊಂದಿದರೆ ಸಂತೋಷ. ಪರೀಕ್ಷೆ 23ಕ್ಕೆ ಮುಗಿಯುತ್ತದೆ ಅಂತಾದರೆ ಬೇಸರ ಬೇಡ, ಹಂತ 5ಕ್ಕೆ ಹಾರಿ. ನಿಮಗೆ ವಿಮಾನವೇ ಗತಿ. ಪರೀಕ್ಷೆ 26ಕ್ಕೂ ಇದ್ದರೆ ಹಬ್ಬ ದಿಲ್ಲಿಯಲ್ಲೇ. ಆಗ ಹಂತ 8 ನಿಮ್ಮದು.

*ಎಚ್ಚರಿಕೆ:* ಡೇಟ್‌ಶೀಟ್ ಬದಲಾಗಬಹುದು. ವಾಟ್ಸಾಪ್ ಗ್ರೂಪಿನಲ್ಲಿ ಬಂದ ಪಿಡಿಎಫ್ ನಂಬಬೇಡಿ. ಕಾಲೇಜಿನ ವೆಬ್‌ಸೈಟಿನಿಂದ ನೀವೇ ಇಳಿಸಿಕೊಳ್ಳಿ, ತಾರೀಕು ನೋಡಿ.

ಹಂತ 3: ನಿಮ್ಮ ಊರಿನ ರೈಲು ಯಾವುದೆಂದು ಗುರುತಿಸಿ

ದಿಲ್ಲಿಯಿಂದ ಕರ್ನಾಟಕಕ್ಕೆ ಹಲವು ದಾರಿಗಳಿವೆ. ಊರಿಗೆ ತಕ್ಕ ರೈಲು ಆರಿಸಿ.

*ಕರಾವಳಿ ಮತ್ತು ಕಾಸರಗೋಡು:* ಹಜ್ರತ್ ನಿಜಾಮುದ್ದೀನ್‌ನಿಂದ ಬೆಳಗಿನ ಜಾವ ಹೊರಡುವ ಮಂಗಳಾ ಲಕ್ಷದ್ವೀಪ್ ಎಕ್ಸ್‌ಪ್ರೆಸ್, ನಂಬರು 12618. ಕಾರವಾರ, ಉಡುಪಿ, ಮಂಗಳೂರು ಜಂಕ್ಷನ್, ಕಾಸರಗೋಡು ಎಲ್ಲ ಕಡೆ ನಿಲ್ಲುತ್ತದೆ. ಎರಡು ಹಗಲು, ನಡುವೆ ಒಂದು ರಾತ್ರಿ. ಕೊಂಕಣ ರೈಲುಮಾರ್ಗ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಅದಕ್ಕೂ ಮುಂಚೆ ದಿಲ್ಲಿಯಲ್ಲಿ ಓದುತ್ತಿದ್ದ ಮಂಗಳೂರಿನವರು ಕೇರಳದ ಕಡೆಯಿಂದ ಸುತ್ತಿ ಊರು ಸೇರಬೇಕಿತ್ತು. ನಮ್ಮ ಪುಣ್ಯ ದೊಡ್ಡದು.

*ಕಲಬುರಗಿ, ಯಾದಗಿರಿ, ರಾಯಚೂರು, ಬೆಂಗಳೂರು:* ಹೊಸದಿಲ್ಲಿಯಿಂದ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್, ನಂಬರು 12628. ಬೀದರಿನವರು ಕಲಬುರಗಿಯಲ್ಲಿ ಇಳಿದು ಮುಂದೆ ಹೋಗಬಹುದು.

*ನೇರ ಬೆಂಗಳೂರು, ಬೇಗ ಬೇಕು:* ನಿಜಾಮುದ್ದೀನ್‌ನಿಂದ ಬೆಂಗಳೂರು ರಾಜಧಾನಿ, ನಂಬರು 22692. ದರ ಹೆಚ್ಚು, ಸಮಯ ಕಡಿಮೆ. ಯಶವಂತಪುರಕ್ಕೆ ಹೋಗುವ ಕರ್ನಾಟಕ ಸಂಪರ್ಕ ಕ್ರಾಂತಿಯೂ ನಿಜಾಮುದ್ದೀನ್‌ನಿಂದಲೇ ಹೊರಡುತ್ತದೆ.

*ಬೆಳಗಾವಿ:* ನಿಜಾಮುದ್ದೀನ್‌ನಿಂದ ಗೋವಾ ಎಕ್ಸ್‌ಪ್ರೆಸ್, ನಂಬರು 12780. ಹುಬ್ಬಳ್ಳಿ, ಧಾರವಾಡದವರು ಬೆಳಗಾವಿಯಲ್ಲಿ ಇಳಿದು ಬಸ್ಸು ಹಿಡಿಯಬಹುದು.

ಹೊರಡುವ ಹೊತ್ತು, ಓಡುವ ದಿನಗಳನ್ನು ಐಆರ್‌ಸಿಟಿಸಿಯಲ್ಲಿ ಒಮ್ಮೆ ನೋಡಿಕೊಳ್ಳಿ.

*ಎಚ್ಚರಿಕೆ:* ದಿಲ್ಲಿಯಲ್ಲಿ ದೊಡ್ಡ ಸ್ಟೇಷನ್‌ಗಳು ಹಲವು. ಟಿಕೆಟಿನ ಮೇಲೆ ಎನ್‌ಡಿಎಲ್‌ಎಸ್ ಅಂತಿದ್ದರೆ ಹೊಸದಿಲ್ಲಿ, ಎನ್‌ಝಡ್‌ಎಂ ಅಂತಿದ್ದರೆ ಹಜ್ರತ್ ನಿಜಾಮುದ್ದೀನ್, ಡಿಎಲ್‌ಐ ಅಂತಿದ್ದರೆ ಹಳೇ ದಿಲ್ಲಿ. ಈ ಅಕ್ಷರಗಳನ್ನು ನೋಡದೆ ಆಟೋ ಹತ್ತಿದವರು ಪ್ರತಿ ವರ್ಷ ಸಿಗುತ್ತಾರೆ. ಒಂದು ವರ್ಷ ನಾನೂ ಅವರಲ್ಲೊಬ್ಬ.

ಹಂತ 4: ಟಿಕೆಟ್ ಬುಕ್ ಮಾಡಿ

ಮೊದಲು ಮುಂಗಡ ಬುಕಿಂಗ್ 120 ದಿನ ಮೊದಲೇ ತೆರೆಯುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಡಿಸೆಂಬರ್ 19ರ ಪ್ರಯಾಣಕ್ಕೆ ಅಕ್ಟೋಬರ್ 20ರಂದು ಬುಕಿಂಗ್ ತೆರೆಯುತ್ತದೆ. ಬೆಳಿಗ್ಗೆ 8ಕ್ಕೆ ಲಾಗಿನ್ ಆಗಿ ಕೂತಿರಿ. ಪ್ರಯಾಣಿಕರ ಹೆಸರು, ವಯಸ್ಸನ್ನು ಹಿಂದಿನ ದಿನವೇ ಮಾಸ್ಟರ್ ಲಿಸ್ಟಿನಲ್ಲಿ ಸೇರಿಸಿಡಿ. ಯುಪಿಐ ಪಿನ್ ನೆನಪಿರಲಿ.

ಅಕ್ಟೋಬರ್ ಮುಗಿದೇ ಹೋಗಿದ್ದರೂ ಭಯಪಡಬೇಡಿ. ತತ್ಕಾಲ್ ಇದೆ. ರೈಲು ಹೊರಡುವ ಹಿಂದಿನ ದಿನ ಎಸಿ ದರ್ಜೆಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈಯಿಂದ ತತ್ಕಾಲ್ ಬುಕಿಂಗ್‌ಗೆ ಆಧಾರ್ ಒಟಿಪಿ ಬೇಕು. ಆಧಾರಿಗೆ ಜೋಡಿಸಿದ ಫೋನ್ ನಂಬರು ಅಪ್ಪನದ್ದಾದರೆ ಆ ಹೊತ್ತಿಗೆ ಅಪ್ಪ ಫೋನ್ ಹಿಡಿದು ಕೂತಿರಬೇಕು. ತೋಟಕ್ಕೆ ಹೋಗಬೇಡಿ ಅಂತ ಮೊದಲೇ ಹೇಳಿಡಿ.

*ಎಚ್ಚರಿಕೆ:* ಆನ್‌ಲೈನಿನಲ್ಲಿ ತೆಗೆದ ವೇಟಿಂಗ್ ಲಿಸ್ಟ್ ಟಿಕೆಟ್ ಚಾರ್ಟ್ ತಯಾರಾದ ಮೇಲೂ ಪಕ್ಕಾ ಆಗದಿದ್ದರೆ ತಾನಾಗಿಯೇ ರದ್ದಾಗುತ್ತದೆ. ಅದನ್ನು ಹಿಡಿದು ಸ್ಲೀಪರ್ ಬೋಗಿ ಹತ್ತಬೇಡಿ. ಕನ್ಫರ್ಮ್ ಆದ ತತ್ಕಾಲ್ ಟಿಕೆಟನ್ನು ನೀವೇ ರದ್ದು ಮಾಡಿದರೆ ಹಣ ವಾಪಸ್ ಇಲ್ಲ, ಅದೂ ತಲೆಯಲ್ಲಿರಲಿ.

ಹಂತ 5: ವಿಮಾನವಾದರೆ ಮಧ್ಯಾಹ್ನದ್ದನ್ನೇ ಆರಿಸಿ

ದಿಲ್ಲಿಯ ಮಂಜು ಸಾಮಾನ್ಯವಾಗಿ ನಡುರಾತ್ರಿಯ ಮೇಲೆ ದಟ್ಟವಾಗಿ, ಬಿಸಿಲೇರಿದ ಮೇಲೆ ಕರಗುತ್ತದೆ. ಆದ್ದರಿಂದ ಅಗ್ಗ ಅಂತ ಬೆಳಿಗ್ಗೆ 6ರ ವಿಮಾನ ಹಿಡಿಯಬೇಡಿ. ಹನ್ನೆರಡರಿಂದ ನಾಲ್ಕರೊಳಗಿನದ್ದು ಹುಡುಕಿ. ಕೆಲವು ಏರ್‌ಲೈನ್‌ಗಳಲ್ಲಿ ವಿದ್ಯಾರ್ಥಿಗಳಿಗೆ ಬೇರೆ ದರವಿದೆ, ಲಗೇಜಿನಲ್ಲೂ ರಿಯಾಯಿತಿ ಸಿಗುತ್ತದೆ. ಬುಕ್ ಮಾಡುವಾಗ 'ಸ್ಟೂಡೆಂಟ್' ಅನ್ನುವ ಗುಂಡಿ ಒತ್ತಿ. ಏರ್‌ಪೋರ್ಟಿನಲ್ಲಿ ಐಡಿ ಕಾರ್ಡ್ ಕೇಳುತ್ತಾರೆ, ಕೈಗೆ ಸಿಗುವಂತಿಡಿ.

ಟಿಕೆಟಿನ ಮೇಲೆ ಟರ್ಮಿನಲ್ ನಂಬರು ನೋಡಿ. ಟಿ1 ಆದರೆ ಮೆಜೆಂಟಾ ಲೈನ್ ಮೆಟ್ರೋ ಹತ್ತಿ 'ಟರ್ಮಿನಲ್ 1 ಐಜಿಐ ಏರ್‌ಪೋರ್ಟ್' ಸ್ಟೇಷನ್‌ನಲ್ಲಿ ಇಳಿಯಿರಿ. ಟಿ3 ಆದರೆ ಹೊಸದಿಲ್ಲಿ ಸ್ಟೇಷನ್‌ನಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಹಿಡಿಯಿರಿ, ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ತಲುಪುತ್ತೀರಿ.

*ಎಚ್ಚರಿಕೆ:* ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ. ಚೆಕ್-ಇನ್ ಬ್ಯಾಗಿನಲ್ಲಿಟ್ಟರೆ ಬ್ಯಾಗು ಬಿಚ್ಚಿಸಿ ತೆಗೆಸುತ್ತಾರೆ.

ಹಂತ 6: ಕಾಗದದ ಕೆಲಸ ಒಂದೇ ಬೆಳಿಗ್ಗೆ ಮುಗಿಸಿ

ಪರೀಕ್ಷೆಗಳ ನಡುವೆ ಬಿಡುವಿರುವ ಒಂದು ದಿನ ಆರಿಸಿ. ಈ ಕ್ರಮದಲ್ಲಿ ನಡೆಯಿರಿ:

ಮೊದಲು ಲೈಬ್ರರಿ. ಎಲ್ಲ ಪುಸ್ತಕ ಹಿಂತಿರುಗಿಸಿ, ರಸೀದಿಯ ಫೋಟೋ ತೆಗೆದುಕೊಳ್ಳಿ.

ಆಮೇಲೆ ಮೆಸ್. ನೀವು ಇಲ್ಲದ ದಿನಗಳ ಊಟದ ಹಣ ಕಡಿತವಾಗಬೇಕಾದರೆ ಮುಂಚಿತವಾಗಿ ಅರ್ಜಿ ಕೊಡಬೇಕು. ಎಷ್ಟು ದಿನ ಮುಂಚೆ ಅಂತ ಮೆಸ್ ಸೆಕ್ರೆಟರಿಯನ್ನು ಕೇಳಿ.

ಕೊನೆಗೆ ವಾರ್ಡನ್ ಆಫೀಸು. ರಜೆ ಅರ್ಜಿಯಲ್ಲಿ ಹೊರಡುವ ದಿನ, ಮರಳುವ ದಿನ, ಊರಿನ ಫೋನ್ ನಂಬರು ಬರೆದು ಸಹಿ ಹಾಕಿಸಿ.

ಪಿಜಿಯಲ್ಲಿರುವವರು ಮಾಲೀಕರಿಗೆ ಬಾಯಲ್ಲಿ ಹೇಳಿ, ವಾಟ್ಸಾಪಿನಲ್ಲೂ ಬರೆಯಿರಿ. ಜನವರಿ ಬಾಡಿಗೆ ಯಾವ ದಿನ ಕೊಡಬೇಕು ಅಂತ ಈಗಲೇ ಮಾತಾಡಿಕೊಳ್ಳಿ.

*ದಿಲ್ಲಿ ಪೂರ್ತಿ ಬಿಡುವವರಿಗೆ:* ಕೋರ್ಸ್ ಮುಗಿದು ಇದು ನಿಮ್ಮ ಕೊನೆಯ ಚಳಿಗಾಲವಾದರೆ ಇನ್ನು ನಾಲ್ಕು ಕೆಲಸಗಳಿವೆ. ನೋ ಡ್ಯೂಸ್ ಪತ್ರಕ್ಕೆ ಎಲ್ಲ ಸಹಿ ಹಾಕಿಸಿ. ಕಾಶನ್ ಡಿಪಾಸಿಟ್ ವಾಪಸಿಗೆ ಅರ್ಜಿ ಕೊಡಿ. ಮೈಗ್ರೇಷನ್ ಸರ್ಟಿಫಿಕೇಟ್ ಹೇಗೆ ಸಿಗುತ್ತದೆ ಅಂತ ಕೇಳಿಟ್ಟುಕೊಳ್ಳಿ. ಬ್ಯಾಂಕಿನಲ್ಲಿ ವಿಳಾಸ ಬದಲಿಸಿ. ಒಂದು ಸಹಿಗಾಗಿ ಮಂಗಳೂರಿನಿಂದ ದಿಲ್ಲಿಗೆ ಬರುವುದು ಯಾರಿಗೂ ಬೇಡ.

ಹಂತ 7: ಊರಿಗೆ ಒಯ್ಯುವುದನ್ನು ಕೊಳ್ಳಿ

ಮೂರೇ ಸಾಮಾನು ಕೊಳ್ಳಿ, ಸಾಕು.

ಒಂದು, ಗಜಕ್ ಮತ್ತು ರೇವಡಿ. ಎಳ್ಳು, ಬೆಲ್ಲದ ಈ ಚಳಿಗಾಲದ ತಿಂಡಿ ರೈಲಿನಲ್ಲಿ ಕೆಡುವುದಿಲ್ಲ, ಸೋರುವುದಿಲ್ಲ. ಪಾಕದ ಮಿಠಾಯಿ ಬೇಡ.

ಎರಡು, ಒಣದ್ರಾಕ್ಷಿ ಮತ್ತು ಅಕ್ರೋಟು. ಯೆಲ್ಲೋ ಲೈನ್ ಮೆಟ್ರೋದಲ್ಲಿ ಚಾಂದನಿ ಚೌಕ್‌ನಲ್ಲಿ ಇಳಿದು, ಫತೇಪುರಿ ಮಸೀದಿಯ ಪಕ್ಕದ ಖಾರಿ ಬಾವಲಿಗೆ ನಡೆಯಿರಿ. ಮೆಣಸಿನ ಘಾಟಿಗೆ ಸೀನು ಬಂದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ ಅಂತ ಅರ್ಥ. ಪಾವು ಕಿಲೋ ಕೇಳಿ, ಒಂದು ಬಾಯಿಗೆ ಹಾಕಿ ನೋಡಿ, ಆಮೇಲೆ ಕೊಳ್ಳಿ.

ಮೂರು, ಅಜ್ಜಿಗೆ ತೆಳುವಾದ ಒಂದು ಸ್ಟೋಲು. ದಪ್ಪ ಶಾಲು ಒಯ್ದರೆ ಉಡುಪಿಯ ಸೆಕೆಯಲ್ಲಿ ಅದು ನೇರ ಕಪಾಟು ಸೇರುತ್ತದೆ. ನನ್ನ ಅಜ್ಜಿಯ ಕಪಾಟಿನಲ್ಲಿ ಈಗಲೂ ಒಂದಿದೆ, ನುಸಿ ಗುಳಿಗೆಯ ಜತೆ.

*ಎಚ್ಚರಿಕೆ:* ಖಾರಿ ಬಾವಲಿಗೆ ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಗೇರುಬೀಜ ಕೊಳ್ಳಬೇಡಿ. ಗೇರುಬೀಜದ ಊರಿಗೆ ಗೇರುಬೀಜ ಹೊತ್ತು ತಂದವನನ್ನು ಮನೆಯವರು ವರ್ಷವಿಡೀ ಮರೆಯುವುದಿಲ್ಲ. ಇನ್ನೊಂದು: ಕೇಕಿಗೆ ಹಾಕುವ ದ್ರಾಕ್ಷಿ ವಾರಗಟ್ಟಲೆ ರಮ್‌ನಲ್ಲಿ ನೆನೆಯಬೇಕು. ನಿಮ್ಮ ದ್ರಾಕ್ಷಿ ಕೇಕಿಗೇ ಸೇರಬೇಕೆಂದಿದ್ದರೆ ನವೆಂಬರಿನಲ್ಲೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿಬಿಡಿ.

ಹಂತ 8: ದಿಲ್ಲಿಗೆ ಅರ್ಧ ದಿನ ಕೊಡಿ

ಇದನ್ನು ಬಿಟ್ಟರೂ ರೈಲು ಸಿಗುತ್ತದೆ. ಆದರೂ ಬಿಡಬೇಡಿ.

ಕಶ್ಮೀರಿ ಗೇಟ್ ಮೆಟ್ರೋದಲ್ಲಿ ಇಳಿದು ಸೇಂಟ್ ಜೇಮ್ಸ್ ಚರ್ಚಿಗೆ ನಡೆಯಿರಿ. ಹಳದಿ ಗೋಡೆ, ದೊಡ್ಡ ಗುಮ್ಮಟ. ಸೈನ್ಯಾಧಿಕಾರಿ ಜೇಮ್ಸ್ ಸ್ಕಿನ್ನರ್ ತನ್ನ ಹಣದಲ್ಲೇ ಕಟ್ಟಿಸಿದ ಈ ಚರ್ಚು 1836ರಲ್ಲಿ ಪ್ರತಿಷ್ಠಾಪನೆಯಾಯಿತು. ಅಲ್ಲಿಂದ ಗೋಲ್ ಡಾಕ್‌ಖಾನಾ ಬಳಿಯ ಸೇಕ್ರೆಡ್ ಹಾರ್ಟ್ ಕ್ಯಾಥೆಡ್ರಲ್‌ಗೆ ಬನ್ನಿ. ಇದರ ನಕ್ಷೆ ಬರೆದವರು ಹೆನ್ರಿ ಮೆಡ್. ರಾಷ್ಟ್ರಪತಿ ಭವನದ ಹತ್ತಿರದ ಕ್ಯಾಥೆಡ್ರಲ್ ಚರ್ಚ್ ಆಫ್ ದಿ ರಿಡೆಂಪ್ಷನ್ ಕೂಡ ಅವರದ್ದೇ. ಹಬ್ಬ ದಿಲ್ಲಿಯಲ್ಲೇ ಕಳೆಯಬೇಕಾದವರು ಬಲಿಪೂಜೆಯ ಹೊತ್ತನ್ನು ಇಲ್ಲೇ ಕೇಳಿಟ್ಟುಕೊಳ್ಳಿ. ಹಿಂದಿರುಗುವಾಗ ಕನಾಟ್ ಪ್ಲೇಸಿನ ವೆಂಗರ್ಸ್‌ನಲ್ಲಿ ಒಂದು ತುಂಡು ಪ್ಲಮ್ ಕೇಕ್ ತಿನ್ನಿ. 1926ರ ಬೇಕರಿ ಅದು. ಅಮ್ಮನ ಕೇಕಿಗೆ ಹೋಲಿಸಬೇಡಿ, ಇಬ್ಬರಿಗೂ ಅನ್ಯಾಯ.

ಕನ್ನಡ ಕೇಳಬೇಕು ಅನ್ನಿಸಿದರೆ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಿ. 1948ರಲ್ಲಿ ಹುಟ್ಟಿದ ಸಂಘ. ಜೆಎನ್‌ಯುನವರಿಗೆ ಕ್ಯಾಂಪಸ್ಸಿನಲ್ಲೇ ಕನ್ನಡ ಪೀಠ ಇದೆ, 2015ರಲ್ಲಿ ಶುರುವಾದದ್ದು, ಮೊದಲ ಪ್ರಾಧ್ಯಾಪಕರು ಪುರುಷೋತ್ತಮ ಬಿಳಿಮಲೆ. ಹಬ್ಬಕ್ಕೆ ಊರಿಗೆ ಹೋಗಲಾಗದವರು ಈ ಎರಡು ಕಡೆ ಒಬ್ಬರಲ್ಲ ಒಬ್ಬರು ಸಿಕ್ಕೇ ಸಿಗುತ್ತಾರೆ.

ಹಂತ 9: ರೂಮು ಮುಚ್ಚಿ

ಹೊರಡುವ ಹಿಂದಿನ ದಿನ ಮಧ್ಯಾಹ್ನ ಇದನ್ನು ಮಾಡಿ. ರಾತ್ರಿಗೆ ಬಿಡಬೇಡಿ.

ರಜಾಯಿಯನ್ನು ಎರಡು ಗಂಟೆ ಬಿಸಿಲಿಗೆ ಹಾಕಿ, ಮಡಚಿ, ನುಸಿ ಗುಳಿಗೆ ಇಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಬಿಸ್ಕತ್ತು, ಮ್ಯಾಗಿ, ಅರ್ಧ ಉಳಿದ ತುಪ್ಪ ಎಲ್ಲ ಪಕ್ಕದ ರೂಮಿಗೆ ಕೊಡಿ, ಇಲ್ಲದಿದ್ದರೆ ಇಲಿಗಳಿಗೆ ಕ್ರಿಸ್‌ಮಸ್. ಕೆಟಲ್, ಹೀಟರ್, ಇಮ್ಮರ್ಶನ್ ರಾಡ್ ಮೂರರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು ಹೊರಗಿಡಿ, ಸ್ವಿಚ್ ಆರಿಸಿದರೆ ಸಾಲದು. ಕಿಟಕಿಯ ಚಿಲಕ ಹಾಕಿ. ಬೀಗ ಹಾಕಿ ಎಳೆದು ನೋಡಿ. ಬೀಗ ಹಾಕಿದ ಬಾಗಿಲಿನ ಫೋಟೋ ತೆಗೆಯಿರಿ. ಝಾನ್ಸಿ ದಾಟುವಾಗ "ಬೀಗ ಹಾಕಿದ್ನಾ?" ಅನ್ನುವ ಅನುಮಾನ ಬಂದೇ ಬರುತ್ತದೆ, ಆಗ ಅದನ್ನು ನೋಡಿಕೊಳ್ಳಿ.

*ಎಚ್ಚರಿಕೆ:* ಒದ್ದೆ ಬಟ್ಟೆ ಬಕೆಟ್‌ನಲ್ಲಿ ಬಿಟ್ಟು ಹೋಗಬೇಡಿ. ಜನವರಿಯಲ್ಲಿ ಬಾಗಿಲು ತೆರೆದಾಗ ಆ ವಾಸನೆ ನಿಮ್ಮನ್ನು ಸ್ವಾಗತಿಸುತ್ತದೆ.

ಹಂತ 10: ಬ್ಯಾಗು ತುಂಬಿ

ಸ್ಲೀಪರ್ ಮತ್ತು 3ಎಸಿಯಲ್ಲಿ ಒಬ್ಬರಿಗೆ 40 ಕಿಲೋ ಲಗೇಜ್ ಉಚಿತ. ಅಷ್ಟು ಒಯ್ಯಬೇಕೆಂದೇನೂ ಇಲ್ಲ. ದಿಲ್ಲಿ ಮೆಟ್ರೋದಲ್ಲಿ ಬ್ಯಾಗಿನ ಮಿತಿ 25 ಕಿಲೋ. ನೀವೊಬ್ಬರೇ ಎತ್ತಿ ಮೆಟ್ಟಿಲು ಹತ್ತುವಷ್ಟು ತೂಕ ಇಟ್ಟುಕೊಳ್ಳಿ, ಅದೇ ಸರಿಯಾದ ಅಳತೆ.

ಡಿಸೆಂಬರ್ ರಾತ್ರಿ ದಿಲ್ಲಿಯಲ್ಲಿ 8 ಡಿಗ್ರಿ, ಮಂಗಳೂರಿನಲ್ಲಿ 20ಕ್ಕೂ ಮೇಲೆ. ಆದ್ದರಿಂದ ಪದರ ಪದರವಾಗಿ ತೊಡಿ: ಒಳಗೆ ಟಿ-ಶರ್ಟ್, ಮೇಲೆ ಸ್ವೆಟರ್, ಅದರ ಮೇಲೆ ಜಾಕೆಟ್. ಭೋಪಾಲ್ ದಾಟಿದ ಮೇಲೆ ಜಾಕೆಟ್ ತೆಗೆಯಿರಿ, ರತ್ನಾಗಿರಿಯಲ್ಲಿ ಸ್ವೆಟರ್. ಕಾರವಾರದಲ್ಲಿ ಕಾಳಿ ನದಿಯ ಸೇತುವೆ ಬರುವಾಗ ಟಿ-ಶರ್ಟಿನಲ್ಲಿ ಬಾಗಿಲ ಹತ್ತಿರ ನಿಂತಿರುತ್ತೀರಿ.

ಕೊನೆಯದಾಗಿ, ಬ್ಯಾಗಿನಲ್ಲಿ ಕಾಲುಭಾಗ ಖಾಲಿ ಬಿಡಿ. ಮರಳುವಾಗ ಅದಕ್ಕೆ ಕೆಲಸವಿದೆ.

ಹಂತ 11: ಸ್ಟೇಷನ್‌ಗೆ ಒಂದು ಗಂಟೆ ಮುಂಚೆ ತಲುಪಿ

ಹೊಸದಿಲ್ಲಿ ಸ್ಟೇಷನ್‌ಗಾದರೆ ಯೆಲ್ಲೋ ಲೈನ್ ಹಿಡಿಯಿರಿ. ಮೆಟ್ರೋ ಬಿಡುವುದು ಅಜ್ಮೇರಿ ಗೇಟ್ ಬದಿಯಲ್ಲಿ, ಅಲ್ಲಿರುವುದು 16ನೇ ಪ್ಲಾಟ್‌ಫಾರ್ಮ್. 1ನೇ ಪ್ಲಾಟ್‌ಫಾರ್ಮ್ ಇರುವುದು ಆಚೆ, ಪಹಾಡ್‌ಗಂಜ್ ಬದಿಯಲ್ಲಿ. ನಿಮ್ಮ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಅಂತ ನೋಡಿ, ಸೇತುವೆ ದಾಟಲು ಹದಿನೈದು ನಿಮಿಷ ಇಟ್ಟುಕೊಳ್ಳಿ.

ನಿಜಾಮುದ್ದೀನ್‌ಗಾದರೆ ಪಿಂಕ್ ಲೈನಿನ ಸರಾಯ್ ಕಾಲೇ ಖಾನ್ ಸ್ಟೇಷನ್ ಪಕ್ಕದಲ್ಲೇ ಇದೆ. ಆದರೆ ಮಂಗಳಾ ಹಿಡಿಯುವ ಹೊತ್ತಿಗೆ ಮೆಟ್ರೋ ಇನ್ನೂ ಎದ್ದಿರುವುದಿಲ್ಲ. ಹಿಂದಿನ ರಾತ್ರಿಯೇ ಕ್ಯಾಬ್ ಗೊತ್ತು ಮಾಡಿ. ಅದೇ ರೈಲಿಗೆ ಬರುವ ಇನ್ನೊಬ್ಬ ಕನ್ನಡದವರು ಸಿಕ್ಕರೆ ಬಾಡಿಗೆ ಅರ್ಧ, ಧೈರ್ಯ ಎರಡರಷ್ಟು.

*ಎಚ್ಚರಿಕೆ:* ಆ ಹೊತ್ತಿನ ಗಾಳಿ ಕೆಟ್ಟದ್ದಿರುತ್ತದೆ. ಗಾಳಿಯ ಗುಣಮಟ್ಟದ ಸೂಚ್ಯಂಕ, ಎಕ್ಯೂಐ, 400 ದಾಟಿದರೆ ಅದು 'ಸಿವಿಯರ್'. ಮಾಸ್ಕ್ ಹಾಕಿಕೊಳ್ಳಿ.

ಹಂತ 12: ರೈಲು ತಡವಾದರೆ ಹೀಗೆ ಮಾಡಿ

ತಡವಾಗುತ್ತದೆ. ಭಯಪಡಬೇಡಿ.

ಒಂದು ಗುಟ್ಟು ಹೇಳುತ್ತೇನೆ. ದಕ್ಷಿಣದಿಂದ ಬರುವ ರೈಲೇ ಸಾಮಾನ್ಯವಾಗಿ ತಿರುಗಿ ದಕ್ಷಿಣಕ್ಕೆ ಹೊರಡುತ್ತದೆ. ಹಾಗಾಗಿ ನಿಮ್ಮ ರೈಲಿನ ನಂಬರಿನ ಜತೆಗೆ ಅದರ ಜೋಡಿಯ ನಂಬರನ್ನೂ, ರೈಲು ಎಲ್ಲಿದೆ ಅಂತ ತೋರಿಸುವ ಎನ್‌ಟಿಇಎಸ್ ಆ್ಯಪಿನಲ್ಲಿ ಹಾಕಿ ನೋಡಿ. 12618ರಲ್ಲಿ ಹೋಗುವವರು 12617 ಎಲ್ಲಿದೆ ಅಂತ ನೋಡಬೇಕು. ಅದು ಇನ್ನೂ ಝಾನ್ಸಿಯಲ್ಲೇ ಇದ್ದರೆ ನಿಮ್ಮದು ಹೊತ್ತಿಗೆ ಹೊರಡುವುದಿಲ್ಲ, ಇನ್ನೊಂದು ನಿದ್ದೆ ತೆಗೆಯಿರಿ. ಆದರೆ ಹೊರಡುವ ಹೊತ್ತು ಬದಲಾಗಿದೆ ಅಂತ ಮೆಸೇಜು ಬರುವವರೆಗೆ ಫೋನ್ ಕೈಬಿಡಬೇಡಿ.

ಮೂರು ಗಂಟೆಗಿಂತ ಹೆಚ್ಚು ತಡವಾಗಿ, ಪ್ರಯಾಣವೇ ಬೇಡ ಅನ್ನಿಸಿದರೆ ಪೂರ್ತಿ ಹಣ ವಾಪಸ್ ಪಡೆಯಬಹುದು. ಅದಕ್ಕೆ ಐಆರ್‌ಸಿಟಿಸಿಯಲ್ಲಿ ಟಿಡಿಆರ್ ಅನ್ನುವ ಅರ್ಜಿ ಹಾಕಬೇಕು, ಅದೂ ರೈಲು ನಿಜವಾಗಿ ಹೊರಡುವ ಮುನ್ನ. ಹೊರಟ ಮೇಲೆ ಹಾಕಿದರೆ ಸಿಗುವುದಿಲ್ಲ. ರೈಲಿನೊಳಗೆ ಏನೇ ತೊಂದರೆಯಾದರೂ 139ಕ್ಕೆ ಫೋನ್ ಮಾಡಿ.

ಬ್ಯಾಗನ್ನು ಸೀಟಿನಡಿಯ ಕೊಂಡಿಗೆ ಚೈನು ಹಾಕಿ ಕಟ್ಟಿ. ಈಗ ಮಲಗಿ.

ಹಂತ 13: ಸರಿಯಾದ ಕಡೆ ಇಳಿಯಿರಿ

ದಿಲ್ಲಿಯಿಂದ ಕೊಂಕಣದ ದಾರಿಯಲ್ಲಿ ಬರುವ ರೈಲು ನಿಲ್ಲುವುದು ಮಂಗಳೂರು ಜಂಕ್ಷನ್‌ನಲ್ಲಿ, ಪೇಟೆ ನಡುವಿನ ಸೆಂಟ್ರಲ್‌ನಲ್ಲಿ ಅಲ್ಲ. ಅಪ್ಪ ಸ್ಕೂಟರು ಹಿಡಿದು ಸೆಂಟ್ರಲ್‌ನಲ್ಲಿ ಕಾಯದಂತೆ ಮೊದಲೇ ತಿಳಿಸಿ. ರಾತ್ರಿ ಇಳಿಯುವವರು ಒಂದು ಗಂಟೆ ಮೊದಲಿನ ಅಲಾರಂ ಇಡಿ. ಕಣ್ಣು ಮುಚ್ಚಿದರೆ ಮುಂದಿನದು ಕಾಸರಗೋಡು.

ಹಂತ 14: ಕೈ ತೊಳೆದು ಮೇಜಿಗೆ ಬನ್ನಿ

ಇದು ಕೊನೆಯ ಹಂತ. ಬ್ಯಾಗನ್ನು ಮೂಲೆಗಿಡಿ, ಆಮೇಲೆ ಬಿಚ್ಚಿದರಾಯಿತು. ಸ್ನಾನ ಮಾಡಿ, ಕೈ ತೊಳೆಯಿರಿ.

ಮೈದಾ, ತೆಂಗಿನ ಹಾಲು ಕಲಸಿದ ಹಿಟ್ಟು ಒದ್ದೆ ಬಟ್ಟೆಯಡಿ ಮಲಗಿರುತ್ತದೆ. ಕಡಲೆ ಗಾತ್ರದ ಉಂಡೆ ಚಿವುಟಿ. ಫೋರ್ಕಿನ ಬೆನ್ನಿಗೆ, ಅಥವಾ ಹೊಸ ಬಾಚಣಿಗೆಗೆ, ಹೆಬ್ಬೆರಳಲ್ಲಿ ಒತ್ತಿ. ಒತ್ತಿದ ಹಾಗೇ ನಿಮ್ಮ ಕಡೆಗೆ ಸುರುಳಿ ಎಳೆಯಿರಿ. ಗೆರೆ ಗೆರೆಯ ಪುಟ್ಟ ಶಂಖ ಬಂತೇ? ಅದೇ ಕಿಡಿಯೊ. ಕೊಂಕಣಿಯಲ್ಲಿ ಹುಳ ಅಂತ ಅರ್ಥ, ನೋಡಿದರೆ ಯಾಕೆಂದು ತಿಳಿಯುತ್ತದೆ. ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುವುದು ದೊಡ್ಡವರ ಕೆಲಸ, ಒತ್ತುವುದು ನಿಮ್ಮದು.

*ಎಚ್ಚರಿಕೆ:* ಬಲವಾಗಿ ಒತ್ತಿದರೆ ಹಿಟ್ಟು ಫೋರ್ಕಿಗೆ ಅಂಟುತ್ತದೆ, ಹಗುರ ಒತ್ತಿದರೆ ಗೆರೆ ಬೀಳುವುದಿಲ್ಲ. ಮೊದಲ ಇಪ್ಪತ್ತು ಹಾಳಾಗುತ್ತವೆ. ಅಮ್ಮ ಅವನ್ನೂ ಎಣ್ಣೆಗೆ ಹಾಕುತ್ತಾಳೆ.

ನನ್ನ ಎರಡನೇ ವರ್ಷ ನಾನು ಆ ಮೇಜಿನಲ್ಲಿದ್ದೆ. ಅಕ್ಕನ ಕಿಡಿಯೊ ಒಂದೇ ಅಚ್ಚಿನಲ್ಲಿ ತೆಗೆದಂತೆ, ನನ್ನವು ಒಂದೊಂದು ಒಂದೊಂದು ಥರ. ಹಬ್ಬದ ದಿನ ನೆರೆಮನೆಗಳಿಗೆ ತಟ್ಟೆ ಜೋಡಿಸುವಾಗ ಅಮ್ಮ ಸೊಟ್ಟವನ್ನೆಲ್ಲ ಆರಿಸಿ ಬೇರೆ ಡಬ್ಬಕ್ಕೆ ಹಾಕಿದಳು. "ಇವು ದಿಲ್ಲಿಗೆ" ಅಂದಳು.

ಬ್ಯಾಗಿನಲ್ಲಿ ಖಾಲಿ ಬಿಟ್ಟ ಆ ಕಾಲುಭಾಗ ಈ ಡಬ್ಬಕ್ಕೆ.